ಈ ಹಳೇ ಟ್ರ್ಯಾಕ್ಟರ್ ಎಷ್ಟು ಬೆಲೆ ಬಾಳುತ್ತೆ?

ನಮಸ್ಕಾರ ಕೇಳುಗರೇ. ಮೊನ್ನೆ ಒಬ್ರು ಮೊಬೈಲ್ ಮುಂದೆ ಹಿಡಿದು ಒಂದು ಹಳೇ ಟ್ರ್ಯಾಕ್ಟರ್ ಫೋಟೋ ತೋರಿಸಿ "ಸಾರ್, ಇದು ಎಷ್ಟು ಬೆಲೆ ಬಾಳುತ್ತೆ ಹೇಳಿ" ಅಂದ್ರು. ಫೋಟೋ ಅಂದ್ರೆ ಎಲ್ರೂ ತೆಗೆಯೋ ಥರದ್ದೇ, ಮುಂದಿನ ಮೂತಿ, ಮಿರಮಿರ ಮಿಂಚೋ ಕೆಂಪು ಬಣ್ಣ, ಬಾನೆಟ್ ಪಕ್ಕ ಮ್ಯಾಸಿ ಫರ್ಗ್ಯುಸನ್ 35 ಅಂತ ಹೊಸ ಸ್ಟಿಕ್ಕರು. ನಾನು ಕೇಳಿದೆ, "ಇದು ಯಾವ ಟ್ರ್ಯಾಕ್ಟರು?" ಇಷ್ಟು ದಪ್ಪಕ್ಕೆ ಬರೆದಿದೆ, ಕಣ್ಣು ಕಾಣ್ಸಲ್ವಾ ಈ ಮನುಷ್ಯನಿಗೆ ಅನ್ನೋ ಹಂಗೆ ನನ್ನ ಮುಖ ನೋಡಿದ್ರು.

ಕಾಣ್ಸುತ್ತೆ. ಆದ್ರೆ ಬಾನೆಟ್ ಅನ್ನೋದು ಟ್ರ್ಯಾಕ್ಟರಿನ ಅಂಗಿ ಇದ್ದಂಗೆ, ನಾಲ್ಕು ಬೋಲ್ಟ್ ಬಿಚ್ಚಿದ್ರೆ ಬದಲಾಯಿಸಬಹುದು. ಅರವತ್ತು ವರ್ಷ ದುಡಿದ ಗಾಡೀಲಿ ಎಂಜಿನ್ ಒಂದರದ್ದು, ಗೇರ್ ಬಾಕ್ಸ್ ಇನ್ನೊಂದರದ್ದು, ಮಡ್‌ಗಾರ್ಡ್ ಮತ್ತೊಂದರದ್ದು ಅಂತ ಇರೋದು ತೀರಾ ಮಾಮೂಲು. ಅದ್ರಲ್ಲಿ ಮೋಸ ಇರ್ಲೇಬೇಕು ಅಂತಿಲ್ಲ, ಕೆಲಸದ ಟೈಮಲ್ಲಿ ಕೆಟ್ಟು ನಿಂತಾಗ ಸಿಕ್ಕಿದ್ದು ಹಾಕಿ ಓಡ್ಸಿರ್ತಾರೆ ಅಷ್ಟೆ. ಆದ್ರೆ ಯಾವುದು ಅಂತಾನೇ ಗೊತ್ತಾಗದೆ ಎಷ್ಟು ಅಂತ ಹೆಂಗೆ ಹೇಳೋದು?

ಈ 35ನ್ನೇ ತಗೊಳ್ಳಿ. ಇಂಗ್ಲೆಂಡಲ್ಲಿ 1956ರಲ್ಲಿ ಶುರುವಾದಾಗ ಅದರ ಹೆಸರು ಬರೀ ಫರ್ಗ್ಯುಸನ್ 35, ಮೈಯೆಲ್ಲ ಬೂದು ಬಣ್ಣ, ಎಂಜಿನ್ನಿಗೆ ಮಾತ್ರ ಬಂಗಾರದ ಥರ ಕಾಣೋ ಕಂಚಿನ ಬಣ್ಣ. ಕೆಂಪು ಬಂದಿದ್ದು ಆಮೇಲೆ, ಮ್ಯಾಸಿ ಅನ್ನೋ ಹೆಸರು ಸೇರಿಕೊಂಡಾಗ. ಅಲ್ಲಿನ ಡೀಸೆಲ್ ಗಾಡಿಗಳಿಗೆ ಮೊದಲು ಕೂರಿಸಿದ್ದು ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರಿನ ಎಂಜಿನ್, ಚಳೀಲಿ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ ಅಂತ ಹೆಸರು ಮಾಡಿದ್ದು, 1959ರಿಂದ ಬಂದಿದ್ದು ಪರ್ಕಿನ್ಸ್ ಮೂರು ಸಿಲಿಂಡರು. ಹೊರಗಿಂದ ನೋಡಿದ್ರೆ ಅಣ್ಣ ತಮ್ಮ, ಹಳಬರು ಕೊಡೋ ಬೆಲೆ ಮಾತ್ರ ಬೇರೆ ಬೇರೆ. ಗೊತ್ತು ಮಾಡ್ಕೊಳ್ಳೋಕೆ ಪುಸ್ತಕ ಏನೂ ಬೇಡ, ಡೀಸೆಲ್ ಪಂಪಿಂದ ನಾಝಲ್‌ಗಳಿಗೆ ಹೋಗೋ ಸಣ್ಣ ಸಣ್ಣ ಸ್ಟೀಲ್ ಪೈಪ್ ಇರ್ತಾವಲ್ಲ, ಅವನ್ನ ಎಣಿಸಿದ್ರಾಯ್ತು, ಸಿಲಿಂಡರಿಗೊಂದು ಪೈಪು, ಮೂರಿದ್ರೆ ಪರ್ಕಿನ್ಸ್, ನಾಲ್ಕಿದ್ರೆ ಸ್ಟ್ಯಾಂಡರ್ಡ್.

ಇನ್ನು ಗಾಡಿಯ ಸೀರಿಯಲ್ ನಂಬರು. ಫರ್ಗ್ಯುಸನ್ ಟಿಇ20 ಅಂತ ಬೂದು ಬಣ್ಣದ ಪುಟ್ಟ ಗಾಡಿ, 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಮೇಲೆ ತಯಾರಾಗಿದ್ದು, ಅದರ ನಂಬರ್ ಪ್ಲೇಟು ಡ್ಯಾಶ್‌ಬೋರ್ಡಲ್ಲೇ ಇರುತ್ತೆ. ಅಕ್ಷರಾನೂ ಓದಬೇಕು, ಟಿಇಎ ಅಂದ್ರೆ ಪೆಟ್ರೋಲು, ಟಿಇಡಿ ಅಂದ್ರೆ ಸೀಮೆಎಣ್ಣೆ ಜಾತಿಯ ಇಂಧನ, ಟಿಇಎಫ್ ಅಂದ್ರೆ ಡೀಸೆಲ್. ಅಮೆರಿಕದ ಫೋರ್ಡ್ 8ಎನ್, 1947ರಿಂದ 1952ರವರೆಗಿನದ್ದು, ಅದರಲ್ಲಿ ಪ್ಲೇಟೇ ಹುಡುಕ್ಬೇಡಿ, ಎಂಜಿನ್ ಬ್ಲಾಕಿನ ಎಡಗಡೆ ನಂಬರ್ ಗುದ್ದಿರ್ತಾರೆ, ಹಿಂದೊಂದು ಮುಂದೊಂದು ನಕ್ಷತ್ರದ ಗುರುತು. ಬ್ಲಾಕ್ ಬದಲಾಗಿದ್ರೆ ನಂಬರೂ ಬದಲಾಗಿದೆ ಅಂತಲೇ ಅರ್ಥ. ಅದಕ್ಕೂ ಮುಂಚಿನ 9ಎನ್‌ಗೆ ಮೂರೇ ಗೇರು, 8ಎನ್‌ಗೆ ನಾಲ್ಕು, ಮತ್ತೆ 8ಎನ್‌ನಲ್ಲಿ ಎರಡು ಬ್ರೇಕ್ ಪೆಡಲ್ಲೂ ಬಲಗಡೆನೇ.

ಬಹಳ ಜನ ಎಡವೋದು ಇಲ್ಲೇ. ಎರಕದಲ್ಲೇ ಉಬ್ಬಿಕೊಂಡು ಬಂದಿರೋ ದೊಡ್ಡ ನಂಬರ್ ನೋಡಿ ಇದೇ ಸೀರಿಯಲ್ ನಂಬರು ಅಂದ್ಕೋತಾರೆ. ಅದು ಆ ಪಾರ್ಟಿನ ನಂಬರು ಅಷ್ಟೇ, ಸಾವಿರಾರು ಗಾಡೀಲಿ ಅದೇ ಇರುತ್ತೆ. ಗಾಡಿಯ ಸ್ವಂತ ನಂಬರು ಸಾಮಾನ್ಯವಾಗಿ ಒಳಕ್ಕೆ ಗುದ್ದಿರುತ್ತೆ. ಹಾಗಂತ ಎರಕದ ಗುರುತು ದಂಡ ಅಲ್ಲ, ಎಷ್ಟೋ ಕಂಪನಿಯವರು ಪಾರ್ಟ್ ನಂಬರ್ ಪಕ್ಕದಲ್ಲೇ ಎರಕ ಹೊಯ್ದ ದಿನಾಂಕಾನೂ ಚಿಕ್ಕದಾಗಿ ಹಾಕ್ತಿದ್ರು. ಬ್ಲಾಕು, ಗೇರ್ ಬಾಕ್ಸು, ಹಿಂದಿನ ಆಕ್ಸಲ್ ಕೂರೋ ಹೌಸಿಂಗು, ಮೂರರದ್ದೂ ತಾರೀಖು ಕೆಲವು ವಾರ ಹೆಚ್ಚುಕಮ್ಮಿ ಇದ್ರೆ ಒಂದೇ ಮನೆ ಮಕ್ಕಳು ಅನ್ನಬಹುದು, ನಾಲ್ಕು ವರ್ಷ ಫರಕಿದ್ರೆ ಎಲ್ಲೋ ಯಾರೋ ಜೋಡಿಸಿದ್ದಾರೆ. ನಂಬರ್ ಓದೋಕೂ ಸ್ವಲ್ಪ ತಾಳ್ಮೆ ಬೇಕು, ಗ್ರೀಸು ಮಣ್ಣು ಸೇರಿ ಹಪ್ಪಳದ ಹಂಗೆ ಕೂತಿರುತ್ತೆ, ಡೀಸೆಲ್ ಅದ್ದಿದ ಬಟ್ಟೇಲಿ ನೆನೆಸಿ ನೆನೆಸಿ ಒರೆಸಿ, ಆಮೇಲೆ ಸೀಮೆಸುಣ್ಣ ಅಡ್ಡಡ್ಡ ಉಜ್ಜಿ ಟಾರ್ಚ್ ಓರೆಯಾಗಿ ಹಿಡೀರಿ, ಅಳಿಸಿಹೋಯ್ತು ಅಂದ್ಕೊಂಡಿದ್ದ ಏಳೂ ಒಂಬತ್ತೂ ಎದ್ದು ಬರ್ತಾವೆ. ತೆಳು ಪ್ಲೇಟಿನ ಮೇಲೆ ಮಾತ್ರ ತಂತಿ ಬ್ರಷ್ ಹಾಕ್ಬೇಡಿ ದಯವಿಟ್ಟು, ಇದ್ದದ್ದೂ ಹೋಗುತ್ತೆ. ಹಳೇ ಪ್ಲೇಟಿಗೆ ಹೊಸ ರಿವೆಟ್ ಹೊಡೆದಿದ್ರೆ ಆವಾಗ ಸ್ವಲ್ಪ ಅನುಮಾನ ಪಡಿ.

ಅವರ್ ಮೀಟರ್, ಅಂದ್ರೆ ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ತೋರಿಸೋ ಮೀಟರ್, ಅದರ ವಿಷಯದಲ್ಲಿ ನಾನೇ ಒಂದ್ಸಲ ಬೇಸ್ತು ಬಿದ್ದಿದ್ದೀನಿ, ಹೇಳ್ಕೊಳ್ಳೋಕೆ ನಾಚಿಕೆ ಏನಿಲ್ಲ. ಮೀಟರ್ ಎರಡು ಸಾವಿರ ಚಿಲ್ಲರೆ ತೋರಿಸ್ತಿತ್ತು, ಖುಷಿಯಾಗಿ ಗಾಡಿ ಕೊಂಡು ತಂದೆ. ಮನೇಲಿ ನಿಧಾನಕ್ಕೆ ನೋಡ್ತೀನಿ, ಕ್ಲಚ್ ಪೆಡಲ್ಲಿನ ಗೆರೆಗಳೆಲ್ಲ ಸವೆದು ಕಬ್ಬಿಣ ಬೆಳ್ಳಿ ಥರ ಹೊಳೀತಿದೆ, ಒಂದು ಅಂಚಂತೂ ಬ್ಲೇಡಿನಷ್ಟು ತೆಳುವಾಗಿದೆ. ಎರಡು ಸಾವಿರ ಗಂಟೇಲಿ ಕಾಲು ಅಷ್ಟು ಸವೆಸಲ್ಲ. ಆ ಕಾಲದ ಮೀಟರ್ ಓಡೋದು ಎಂಜಿನ್ನಿಂದ ಬರೋ ಒಂದು ಕೇಬಲ್ ಮೇಲೆ, ಕೇಬಲ್ ಕಟ್ಟಾದ್ರೆ ಮೀಟರ್ ಅಲ್ಲೇ ನಿಲ್ಲುತ್ತೆ, ಟ್ರ್ಯಾಕ್ಟರ್ ನಿಲ್ಲಲ್ಲ. ಅವತ್ತಿಂದ ಮೊದಲು ಪೆಡಲ್ ನೋಡ್ತೀನಿ, ಸೀಟ್ ನೋಡ್ತೀನಿ, ಸ್ಟೀರಿಂಗ್ ಎಷ್ಟು ಸಡಿಲ ಇದೆ ಅಂತ ಅಲ್ಲಾಡಿಸ್ತೀನಿ.

ಬೆಲೆಗೆ ಬರೋಣ. ಹಳೇದು ಅಂದ ಮಾತ್ರಕ್ಕೆ ಬೆಲೆ ಏರಲ್ಲ. ಐದು ಲಕ್ಷ ತಯಾರಾದ ಗಾಡಿ ಎಷ್ಟೇ ಮುದ್ದಾಗಿದ್ರೂ ಅಪರೂಪ ಆಗೋಕಾಗಲ್ಲ, ಅದೇ 1938ರಲ್ಲಿ ಮಿನಿಯಾಪೊಲಿಸ್ ಮೊಲೀನ್ ಅನ್ನೋರು ಕಾರಿನ ಥರ ಕ್ಯಾಬಿನ್ ಕಟ್ಟಿ ಬಿಟ್ಟ ಯುಡಿಎಲ್ಎಕ್ಸ್ ಸುಮಾರು 150 ಅಷ್ಟೇ ಆಗಿದ್ದು, ಅದಕ್ಕೆ ಸಂಗ್ರಹ ಮಾಡೋರು ಮುಗಿಬೀಳ್ತಾರೆ. ನಮ್ಮ ನಿಮ್ಮ ಕೈಗೆ ಸಿಗೋದು ಮೊದಲನೇ ಜಾತಿ. ಹಾಗಾಗಿ ಕೊಳ್ಳೋನು ಇದನ್ನ ಉಳೋಕೆ ತಗೋತಾನಾ, ಶೋಕಿಗೆ ಇಟ್ಕೋತಾನಾ, ಪಾರ್ಟ್ಸ್ ಬಿಚ್ಚೋಕಾ, ಅದರ ಮೇಲೆ ರೇಟು. ಉಳೋನಿಗೆ ಬೇಕಿರೋದು ಲಿಫ್ಟು, ಹಿಂದೆ ನೇಗಿಲು ಎತ್ತೋ ಹೈಡ್ರಾಲಿಕ್ ತೋಳು. ಭಾರ ಎತ್ತಿ ಎಂಜಿನ್ ಆಫ್ ಮಾಡಿ ದೂರ ನಿಂತು ನೋಡಿ, ಅಲ್ಲೇ ನಿಂತ್ರೆ ಒಳ್ಳೇದು, ಸರಸರ ಇಳಿದ್ರೆ ಹೈಡ್ರಾಲಿಕ್ ಖರ್ಚು ಕಾದಿದೆ. ಆಯಿಲ್ ಅಳೆಯೋ ಕಡ್ಡಿ, ಡಿಪ್ ಸ್ಟಿಕ್ಕಲ್ಲಿ ಆಯಿಲ್ ಹಾಲು ಬೆರೆಸಿದಂಗಿದ್ರೆ ನೀರು ಸೇರಿದೆ, ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡೋ ಬ್ರೀದರಲ್ಲಿ ಬುಸಬುಸ ಹೊಗೆ ಬಂದ್ರೆ ಪಿಸ್ಟನ್ ರಿಂಗು, ಸಿಲಿಂಡರ್ ಬೋರು ಸವೆದಿದೆ. ಹಿಂದಿನ ಎರಡು ಟೈರ್ ಮರೀಬೇಡಿ, ಕೆಲವು ಗಾಡಿಗಳಲ್ಲಿ ಇಡೀ ಗಾಡಿಗಿಂತ ಆ ಜೋಡಿ ಟೈರೇ ದುಬಾರಿ ಬೀಳುತ್ತೆ, ಭಾರಕ್ಕೆ ಅಂತ ಉಪ್ಪಿನ ದ್ರಾವಣ ತುಂಬಿಸಿದ್ರೆ ವಾಲ್ವ್ ಸುತ್ತ ರಿಮ್ಮೂ ತಿಂದುಹೋಗಿರುತ್ತೆ.

ಹೊಸ ಪೇಂಟಿಗೆ ನಾನಂತೂ ಒಂದು ಪೈಸೆ ಜಾಸ್ತಿ ಕೊಡಲ್ಲ. ತುಕ್ಕು, ಬಿರುಕು, ವೆಲ್ಡಿಂಗು ಎಲ್ಲ ಅದರ ಕೆಳಗೇ ಅಡಗಿರೋದು, ಬಿಸಿಲಿಗೆ ಮಾಸಿದ ಮೂಲ ಬಣ್ಣವೇ ಎಷ್ಟೋ ಮೇಲು. ಇನ್ನೊಂದು, ಯಾರು ಎಷ್ಟು ಕೇಳ್ತಿದ್ದಾರೆ ಅನ್ನೋದು ಬೆಲೆ ಅಲ್ಲ, ಅಂಥದ್ದೇ ಗಾಡಿ ಕೊನೆಗೆ ಎಷ್ಟಕ್ಕೆ ಕೈ ಬದಲಾಯ್ತು ಅಂತ ವಿಚಾರಿಸಿ.

ಆ ಮೊಬೈಲಿನವರು ಮನೆಗೆ ಹೋಗಿ ಪೈಪ್ ಎಣಿಸಿ ಫೋನ್ ಮಾಡಿದ್ರು. "ಸಾರ್, ನಾಲ್ಕಿದೆ. ಈಗಾದ್ರೂ ಹೇಳಿ, ಎಷ್ಟು?" ನಾಳೆ ಬೆಳಗ್ಗೆ ಎದ್ದ ತಕ್ಷಣ, ಯಾರೂ ಬಿಸಿ ಮಾಡಿಡೋ ಮುಂಚೆ ಬ್ಲಾಕ್ ಮೇಲೆ ಕೈ ಇಟ್ಟು ತಣ್ಣಗಿದೆ ಅಂತ ಖಾತ್ರಿ ಮಾಡ್ಕೊಂಡು ಸ್ಟಾರ್ಟ್ ಮಾಡಿ, ಎಷ್ಟು ಹೊತ್ತಿಗೆ ಹತ್ಕೊಳ್ತು ಹೇಳಿ, ಆಮೇಲೆ ಮಾತಾಡೋಣ ಅಂದಿದ್ದೀನಿ. ನಮಸ್ಕಾರ.