ಸರ್ಕಾರಿ ಶಾಲೆ ಮಕ್ಕಳೇನು ಬರೀ ಕೈಚಾಚೋಕೆ ಹುಟ್ಟಿದ್ದಾರಾ?

ಎಲ್ಲರಿಗೂ ನಮಸ್ಕಾರ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಆದರೆ ಹೋದ ವಾರದ ವಿಡಿಯೋ ಕೆಳಗೆ ಒಬ್ಬ ಮಹಾನುಭಾವರು ಕಾಮೆಂಟ್ ಹಾಕಿದ್ದಾರೆ. "ಸರ್ಕಾರಿ ಶಾಲೆ ಮಕ್ಕಳಿಗೇ ನಾವು ಸೇವೆ ಮಾಡಬೇಕು ಸಾರ್. ಅವರು ಯಾರಿಗೆ ಮಾಡ್ತಾರೆ?" ಕೊನೆಗೆ ಕೈಮುಗಿಯುವ ಎಮೋಜಿ ಬೇರೆ!

ನಾನು ಹೇಳಿದ್ದು ಇಷ್ಟೇ. ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳಿಗೆ ಅವರ ಬೀದಿಯ ಒಂದು ಕೆಲಸ ವಹಿಸಿಕೊಡಿ. ಅವರು ಮಾಡಬಲ್ಲರು.

ಬೆಂಗಳೂರಿನ ಅಂಚಿನ ಯಾವುದಾದರೂ ಸರ್ಕಾರಿ ಶಾಲೆಗೆ ಹೋಗಿ ನೋಡಿ. ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದವರ ಮಗ, ಮನೆಯಲ್ಲಿ ಉರ್ದು ಮಾತಾಡುವ ಹುಡುಗಿ, ತೆಲುಗಿನವರು, ತಮಿಳಿನವರು, ನೇಪಾಳದ ವಾಚ್‌ಮನ್ ಮಗ, ಎಲ್ಲ ಒಂದೇ ಕ್ಲಾಸಲ್ಲಿ ಕೂತಿರುತ್ತಾರೆ. ಆ ಹುಡುಗಿ ಸಂಜೆ ಆರೋಗ್ಯ ಕೇಂದ್ರದಲ್ಲಿ ಪಕ್ಕದ ಮನೆ ಅಜ್ಜಿ ಜೊತೆ ನಿಂತು, ನರ್ಸಮ್ಮ ಕನ್ನಡದಲ್ಲಿ ಹೇಳಿದ್ದನ್ನು ಉರ್ದುವಿನಲ್ಲಿ ಹೇಳುತ್ತಾಳೆ. ಬಿಳಿ ಮಾತ್ರೆ ಊಟಕ್ಕೆ ಮುಂಚೆ, ಕೆಂಪು ಮಾತ್ರೆ ಊಟ ಆದ ಮೇಲೆ. ಅವಳು ಆಗಲೇ ಸೇವೆ ಮಾಡುತ್ತಿದ್ದಾಳೆ ಸ್ವಾಮಿ! ಶಾಲೆಯ ಕಣ್ಣಿಗೆ ಬಿದ್ದಿಲ್ಲ, ಅಷ್ಟೆ.

ಇನ್ನೊಂದು ಕೆಲಸ ಹೇಳುತ್ತೇನೆ. ನೀರು ದಿನಾ ಬರದ ಬೀದಿಗಳಲ್ಲಿ ಮನೆ ಮುಂದೆ ನೀಲಿ ಡ್ರಮ್ ಇರುತ್ತದಲ್ಲ, ಮುಚ್ಚಳ ತೆಗೆದು ಟಾರ್ಚ್ ಬಿಡಿ. ದಾರದ ತುಂಡಿನಷ್ಟು ಹುಳ ನುಲಿಯುತ್ತಾ ತಳಕ್ಕೆ ಇಳಿಯುತ್ತವೆ. ಡೆಂಗಿ ಸೊಳ್ಳೆಯ ಮರಿ ಇರಬಹುದು. ಮೊಟ್ಟೆ ಸೊಳ್ಳೆಯಾಗೋಕೆ ಸುಮಾರು ಎಂಟು ಹತ್ತು ದಿನ ಬೇಕು. ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ, ಒಳಗೆ ಚೆನ್ನಾಗಿ ತಿಕ್ಕಿ ಮುಚ್ಚಿಟ್ಟರೆ ಸಾಕು. ಆಶಾ ಕಾರ್ಯಕರ್ತೆ ಹೇಳಿದರೆ "ಆಯ್ತಮ್ಮ, ಆಯ್ತು" ಅಂತ ಬಾಗಿಲು ಹಾಕಿಕೊಳ್ಳುವ ಯಜಮಾನರಿಗೆ, ಎದುರುಮನೆಯ ಏಳನೇ ಕ್ಲಾಸಿನ ಹುಡುಗಿ ನೋಟ್‌ಬುಕ್ ಹಿಡಿದು "ಅಂಕಲ್, ನಿಮ್ಮ ಡ್ರಮ್ಮಲ್ಲಿ ಹುಳ ಇದೆ, ಬರ್ಕೊಳ್ಳಲಾ?" ಅನ್ನಲಿ. ಮರ್ಯಾದೆ ಪ್ರಶ್ನೆ! ಬ್ರಷ್ ಹುಡುಕಿಕೊಂಡು ಓಡುತ್ತಾರೆ.

ಅವರು ಮಾಡಬಲ್ಲರು. ನಾವು ಬಿಡುತ್ತಿಲ್ಲ.

ಸೇವೆ ಅಂತ ನಾವು ಮಾಡೋದೇನು? ವರ್ಷಕ್ಕೊಮ್ಮೆ ಒಂದೇ ಬಣ್ಣದ ಟೀಶರ್ಟ್ ಹಾಕಿಕೊಂಡು ಬಸ್ಸಲ್ಲಿ ಇಳಿಯುತ್ತೇವೆ. ಕಾಂಪೌಂಡ್ ಗೋಡೆ ಮೇಲೆ ಜಿರಾಫೆ ಬರೆಯುತ್ತೇವೆ. ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತು ಚಪ್ಪಾಳೆ ತಟ್ಟಬೇಕು. ಬ್ರಷ್ ಅವರ ಕೈಗೆ ಕೊಡೋದಿಲ್ಲ! ಅಂದಹಾಗೆ, ಈ ಮಾತಿಗೆ ಕೋಪ ಬಂದಿದ್ದರೆ ದಯವಿಟ್ಟು ಶೇರ್ ಮಾಡಿ. ಕೋಪದಲ್ಲಿ ಶೇರ್ ಮಾಡಿದರೂ ವ್ಯೂಸ್ ವ್ಯೂಸೇ.

"ಸೇವೆ ಅಂತ ಟಾಯ್ಲೆಟ್ ತೊಳೆಸ್ತಾರೆ ಸಾರ್" ಅಂತ ಒಬ್ಬರು. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೇ ಇಳಿಸಿದ್ದರು. ಅದು ಸೇವೆ ಅಲ್ಲ, ಅಪರಾಧ. ಪೊಲೀಸ್ ಕೇಸೂ ಆಯಿತು. ಅದನ್ನು ಇದಕ್ಕೆ ತಂದು ಕಟ್ಟಬೇಡಿ. ಕೆಲಸ ಯಾವುದು ಅಂತ ಮಕ್ಕಳೇ ಆರಿಸಿಕೊಳ್ಳಲಿ.

"ಓದು ಹಾಳಾಗುತ್ತೆ" ಅಂತ ಇನ್ನೊಬ್ಬರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ 6ರಿಂದ 8ನೇ ತರಗತಿಯವರಿಗೆ 10 ದಿನ ಬ್ಯಾಗಿಲ್ಲದ ಕಲಿಕೆ ಅಂತ ಬರೆದಿದ್ದಾರೆ. ಆ ದಿನಗಳನ್ನೇ ಇದಕ್ಕೆ ಬಳಸಿ. ಆ ನೀತಿ ಬೇಕಾ ಬೇಡವಾ ಅನ್ನೋ ಜಗಳ ಇನ್ನೊಂದು ಎಪಿಸೋಡಿಗೆ. ಮೆಂಬರ್ ಆದವರಿಗೆ ಮೊದಲು ಸಿಗುತ್ತದೆ.

"ಹಾಗಾದರೆ ಕಡ್ಡಾಯ ಮಾಡಿ" ಅನ್ನುವವರೂ ಇದ್ದಾರೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯ 1992ರಲ್ಲೇ ಮಾಡಿತು. 75 ಗಂಟೆ ಸೇವೆ ಇಲ್ಲದಿದ್ದರೆ ಹೈಸ್ಕೂಲ್ ಪಾಸಿಲ್ಲ. ಮಿಡಲ್ ಸ್ಕೂಲಿನಿಂದಲೇ ಗಂಟೆ ಲೆಕ್ಕ ಶುರು. ಅಲ್ಲಿ ಸರಿ. ಇಲ್ಲಿ ಮಾಡಿದರೆ? ಶಾಲೆಯಲ್ಲಿ ಸಮಾಜಕ್ಕೆ ಉಪಯೋಗವಾಗುವ ಕೈಕೆಲಸ ಕಲಿಸೋಕೆ ಅಂತ ಇದ್ದ ಎಸ್‌ಯುಪಿಡಬ್ಲ್ಯು ಪೀರಿಯಡ್ ನೆನಪಿದೆಯಾ? ಅಂಗಡಿಯಲ್ಲಿ ಕೊಂಡು ತಂದ ಹೂಕುಂಡಕ್ಕೆ ನಮ್ಮ ಹೆಸರು ಅಂಟಿಸಿ ಮಾರ್ಕ್ಸ್ ತಗೊಂಡಿಲ್ವಾ? 75 ಗಂಟೆಗೂ ಒಂದೇ ದಿನ ಸಹಿ ಹಾಕಿಸಿಕೊಂಡು ಬರುತ್ತೇವೆ. ಮಾರ್ಕ್ಸ್ ಬೇಡ, ಕೆಲಸ ಕೊಡಿ!

ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, 1969ರಲ್ಲಿ ಶುರುವಾಯಿತು, ಕಾಲೇಜಿನವರಿಗೆ. ಸ್ವಾತಂತ್ರ್ಯ ಹೋರಾಟಗಾರ ನಾ.ಸು. ಹರ್ಡೀಕರ್ 1923ರಲ್ಲೇ ಶಿಸ್ತು, ಸೇವೆ ಕಲಿಸುವ ಸೇವಾದಳ ಕಟ್ಟಿದರು. ಇವತ್ತು ಎಷ್ಟೋ ಶಾಲೆಗಳಲ್ಲಿ ಸೇವಾದಳದ ಬಿಳಿ ಟೋಪಿ ಹೊರಗೆ ಬರೋದು ಆಗಸ್ಟ್ ಹದಿನೈದಕ್ಕೆ ಮಾತ್ರ. ಹನ್ನೆರಡು ವರ್ಷದವರ ಕೈಕಾಲು ಎಷ್ಟು ಚುರುಕಾಗಿರುತ್ತೆ, ನೋಡಿದ್ದೀರಾ? ಒಂದು ಕೆಲಸ ಹೇಳಿ ನೋಡಿ, ಹತ್ತು ಮಾಡುತ್ತಾರೆ. ಮಾಡಬಲ್ಲರು ಅಂದೆನಲ್ಲ? ಮಾಡಬಲ್ಲರು! ಯಾಕೆ ಅಂತ ಇನ್ನೂ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ, ಬಿಪಿ ಮಾತ್ರ ಇದೆ.

ಸರಿ, ಎಡಿಟರ್ ಕೈ ತೋರಿಸ್ತಿದ್ದಾನೆ. ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ನಮ್ಮ ಚಾನೆಲ್ ಮಗ್ಗು ಮುನ್ನೂರು ರೂಪಾಯಿ, ಕಾಫಿ ಸೋರೋದಿಲ್ಲ. ಮುಂದಿನ ವಾರ ಟಿಕೆಟ್ ಹಿಂದೆ ಚಿಲ್ಲರೆ ಬರೆದುಕೊಟ್ಟು ಮರೆಯುವ ಕಂಡಕ್ಟರ್‌ಗಳ ಬಗ್ಗೆ ಮಾತಾಡೋಣ.