ನೇಣಿಗೆ ಮುಂಚೆ ಮಹಜರು

ಕೇಳುಗ ಬಂಧುಗಳಿಗೆ ನಮಸ್ಕಾರ.

ಎಲ್ಲಾದರೂ ಒಂದು ಘೋರ ಕೊಲೆಯಾದರೆ ಸಾಕು, ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ, ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ಒಂದೇ ಮಾತು. ‘ಕೋರ್ಟು ಕಚೇರಿ ಎಲ್ಲ ಯಾಕೆ ಸ್ವಾಮಿ, ನೇಣಿಗೆ ಹಾಕಿ.’ ಆ ಸಿಟ್ಟು ನನಗೂ ಬರುತ್ತದೆ. ಮಗಳನ್ನು ಕಳೆದುಕೊಂಡ ತಾಯಿಯ ಎದುರು ನಿಂತು ‘ನಿಮ್ಮ ಸಿಟ್ಟು ತಪ್ಪು’ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ನಾನು ಇದೇ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ಕೇಸಿನ ಫೈಲು ಹೇಗೆ ತಯಾರಾಗುತ್ತದೆ ಅಂತ ದಿನಾ ನೋಡುತ್ತೇನೆ. ಅದಕ್ಕೇ ಗಲ್ಲು ಅಂದರೆ ನನಗೆ ಭಯ.

ಪೊಲೀಸರ ಮುಂದೆ ಆರೋಪಿ ‘ನಾನೇ ಕೊಂದೆ’ ಅಂದರೆ ಅದು ಕೋರ್ಟಿನಲ್ಲಿ ನಡೆಯುವುದಿಲ್ಲ. ಆದರೆ ಅವನು ಹೇಳಿದ ಜಾಗದಲ್ಲಿ ಮಚ್ಚು ಸಿಕ್ಕಿದರೆ, ಆ ಮಚ್ಚಿನ ಮಟ್ಟಿಗೆ ಅವನ ಮಾತು ನಡೆಯುತ್ತದೆ. ಅದನ್ನು ಇಬ್ಬರು ಪಂಚರ, ಅಂದರೆ ಹೊರಗಿನ ಸಾಕ್ಷಿಗಳ, ಎದುರು ಬರೆಯುವುದೇ ಮಹಜರು. ಕಣ್ಣಾರೆ ಕಂಡ ಸಾಕ್ಷಿ ಇಲ್ಲದ ಎಷ್ಟೋ ಕೇಸುಗಳು ನಿಲ್ಲುವುದು ಈ ಕಾಗದದ ಮೇಲೆ. ಕಟಕಟೆಯಲ್ಲಿ ಪಂಚನನ್ನು ಕೇಳುತ್ತೇವೆ.

‘ಮಚ್ಚು ಎಲ್ಲಿ ಸಿಕ್ತಪ್ಪಾ?’

‘ಸ್ಟೇಷನ್ನಲ್ಲಿ ಟೇಬಲ್ ಮೇಲಿತ್ತು ಸ್ವಾಮಿ. ಸೈನ್ ಹಾಕು ಅಂದ್ರು, ಹಾಕಿದೆ.’

‘ಓದಿ ನೋಡಿದ್ಯಾ?’

‘ಇಲ್ಲ ಸ್ವಾಮಿ. ಟೀ ಕೊಡೋಕೆ ಹೋಗಿದ್ದೆ.’

ಎಲ್ಲ ಮಹಜರೂ ಹೀಗೆ ಅಂತಲ್ಲ. ನಿಯತ್ತಾಗಿ ತನಿಖೆ ಮಾಡುವ ಅಧಿಕಾರಿಗಳನ್ನೂ ಕಂಡಿದ್ದೇನೆ. ಆದರೆ ಈ ಪಂಚ ನಿಜ ಹೇಳದೇ ಹೋಗಿದ್ದರೆ? ಆರೋಪಿಗೆ ವಕೀಲರನ್ನು ಇಡುವ ಶಕ್ತಿ ಇಲ್ಲದೆ, ಈ ಪ್ರಶ್ನೆಯನ್ನು ಯಾರೂ ಕೇಳದೇ ಹೋಗಿದ್ದರೆ?

‘ಮೇಲೆ ಹೈಕೋರ್ಟ್ ಇದೆ, ಸುಪ್ರೀಂ ಕೋರ್ಟ್ ಇದೆ, ತಪ್ಪಾದರೆ ಅಲ್ಲಿ ಸರಿಹೋಗುತ್ತದೆ’ ಅಂತ ನೀವು ಹೇಳಬಹುದು. ಸರಿ, ಮಹಾರಾಷ್ಟ್ರದ ಒಂದು ಕೇಸು ಕೇಳಿ. 2003ರಲ್ಲಿ ಒಂದೇ ಕುಟುಂಬದವರ ಮೇಲೆ ದಾಳಿಯಾಗಿ ಐವರ ಕೊಲೆಯಾಯಿತು. ಅಲೆಮಾರಿ ಸಮುದಾಯದ ಆರು ಮಂದಿ ಸಿಕ್ಕಿಬಿದ್ದರು. ಸೆಷನ್ಸ್ ಕೋರ್ಟ್ ಆರೂ ಜನಕ್ಕೆ ಗಲ್ಲು ಅಂದಿತು. ಹೈಕೋರ್ಟ್ ಮೂವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. 2009ರಲ್ಲಿ ಸುಪ್ರೀಂ ಕೋರ್ಟ್ ಆ ಮೂವರಿಗೂ ಮತ್ತೆ ಗಲ್ಲು ಕೊಟ್ಟಿತು. ಅದೇ ಸುಪ್ರೀಂ ಕೋರ್ಟ್ 2019ರ ಮಾರ್ಚಿನಲ್ಲಿ ಕೇಸನ್ನು ಮತ್ತೆ ಕೇಳಿ, ಆರೂ ಜನರನ್ನು ಬಿಡುಗಡೆ ಮಾಡಿತು. ಆ ಪೀಠದಲ್ಲಿ ನಮ್ಮ ಕನ್ನಡನಾಡಿನ ನ್ಯಾಯಮೂರ್ತಿ ಅಬ್ದುಲ್ ನಜೀರ್ ಕೂಡ ಇದ್ದರು. ಬದುಕುಳಿದ ಹೆಣ್ಣುಮಗಳು ಮೊದಲೇ ಪೊಲೀಸರ ಆಲ್ಬಂ ನೋಡಿ ಬೇರೆ ನಾಲ್ವರನ್ನು ಗುರುತಿಸಿದ್ದರು. ಆ ನಾಲ್ವರ ಬಗ್ಗೆ ತನಿಖೆಯೇ ಆಗಿರಲಿಲ್ಲ! ಬಿಡುಗಡೆಯಾದ ಆರು ಜನ ಹದಿನಾರು ವರ್ಷ ಜೈಲಿನಲ್ಲಿದ್ದರು. ಅವರಲ್ಲೊಬ್ಬ ಘಟನೆ ನಡೆದಾಗ ಹದಿನೆಂಟು ತುಂಬದ ಹುಡುಗ. ತಲೆಗೆ ಐದು ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಕೋರ್ಟ್ ಹೇಳಿತು. 2009ರ ತೀರ್ಪು ಬಂದ ಕೂಡಲೇ ನೇಣು ಹಾಕಿದ್ದಿದ್ದರೆ ಆ ಹಣ ಯಾರ ಕೈಗೆ ಕೊಡುತ್ತಿದ್ದರು?

ದೆಹಲಿ ಪಕ್ಕದ ನೋಯ್ಡಾದಲ್ಲಿ ಮಕ್ಕಳ ಸರಣಿ ಕೊಲೆಯಾದ ನಿಠಾರಿ ಕೇಸೂ ನಿಮಗೆ ನೆನಪಿರಬಹುದು. 2014ರ ಸೆಪ್ಟೆಂಬರಿನಲ್ಲಿ ಅದರ ಆರೋಪಿ ಸುರೇಂದ್ರ ಕೋಲಿಯ ನೇಣಿಗೆ ಎಲ್ಲ ಸಿದ್ಧತೆ ನಡೆದಿತ್ತು. ಮಧ್ಯರಾತ್ರಿ ಕಳೆದ ಮೇಲೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರ ನವೆಂಬರಿನಲ್ಲಿ, ಅವನ ಮೇಲೆ ಉಳಿದಿದ್ದ ಕೊನೆಯ ಕೇಸಿನಲ್ಲೂ ಅದೇ ಕೋರ್ಟ್ ಅವನನ್ನು ಖುಲಾಸೆ ಮಾಡಿತು.

ಈಗ ನಮ್ಮ ನೆಲದ ನೋವಿಗೆ ಬರುತ್ತೇನೆ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. 2000ನೇ ಇಸವಿಯ ಮಾರ್ಚ್ 11. ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಆಗ ಅದು ಕೋಲಾರ ಜಿಲ್ಲೆ. ವಿಚಾರಣೆಯಲ್ಲಿ ಸಾಕ್ಷಿಗಳು ಒಬ್ಬರಾದ ಮೇಲೊಬ್ಬರು ತಿರುಗಿಬಿದ್ದರು. 2006ರಲ್ಲಿ ಕೋಲಾರದ ಕೋರ್ಟ್ ಎಲ್ಲ ಆರೋಪಿಗಳನ್ನೂ ಬಿಟ್ಟಿತು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಜೀವ ಹೋಯಿತು, ಕೊಂದವರು ಯಾರು ಅಂತ ಕೋರ್ಟಿನಲ್ಲಿ ಸಾಬೀತಾಗಲೇ ಇಲ್ಲ. ಆಗಲೂ ನಮ್ಮ ಕಾನೂನಿನಲ್ಲಿ ಗಲ್ಲು ಶಿಕ್ಷೆ ಇತ್ತು ಅಲ್ವಾ? ಆ ಕುಟುಂಬಗಳಿಗೆ ಅದರಿಂದ ಏನು ಸಿಕ್ಕಿತು? ಅವರಿಗೆ ಬೇಕಾಗಿದ್ದು ಗಟ್ಟಿ ತನಿಖೆ. ಅದೇ ಊರಲ್ಲಿ, ಅದೇ ಜನರ ನಡುವೆ ಬದುಕಬೇಕಾದ ಸಾಕ್ಷಿಗೆ ರಕ್ಷಣೆ. ತನಿಖೆ ಸಡಿಲವಾದರೆ ಕಂಬಾಲಪಲ್ಲಿಯಲ್ಲಿ ಏಳು ಜನರ ಸಾವಿಗೆ ಹೊಣೆ ಯಾರೂ ಇಲ್ಲ, ಮಹಾರಾಷ್ಟ್ರದಲ್ಲಿ ಆರು ಬಡವರ ಕುತ್ತಿಗೆಗೆ ಹಗ್ಗ. ನನ್ನ ಕಣ್ಣಿಗೆ ಇವೆರಡೂ ಒಂದೇ ರೋಗ.

ಹಾಗಾದರೆ ಕೊಲೆಗಡುಕರನ್ನು ಸುಮ್ನೆ ಬಿಟ್ಟುಬಿಡಬೇಕಾ? ಖಂಡಿತ ಬೇಡ. ಬೆಂಗಳೂರಿನ ಒಂದು ಕೊಲೆ ಕೇಸಿನಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ತೆಗೆದು, ಸಾಯುವ ತನಕ ಜೈಲು, ನಡುವೆ ಬಿಡುಗಡೆ ಇಲ್ಲ ಅಂದಿತು. ಅದೇನೂ ಸಣ್ಣ ಶಿಕ್ಷೆಯಲ್ಲ. ನಾಳೆ ಹೊಸ ಸಾಕ್ಷಿ ಸಿಕ್ಕಿದರೆ ಜೈಲಿನ ಬಾಗಿಲನ್ನಾದರೂ ತೆರೆಯಬಹುದು. 2015ರಲ್ಲಿ ಕಾನೂನು ಆಯೋಗವೂ ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಸಾರುವ ಕೇಸು ಬಿಟ್ಟು ಉಳಿದವುಗಳಿಗೆ ಗಲ್ಲು ಬೇಡ ಅಂತ ಶಿಫಾರಸು ಮಾಡಿತು. ಭಯೋತ್ಪಾದನೆಗೂ ಬೇಡ ಅನ್ನುತ್ತೇನೆ ನಾನು. ಅಕ್ಷರಧಾಮ ದೇವಸ್ಥಾನದ ದಾಳಿ ಕೇಸಿನಲ್ಲಿ ಗಲ್ಲಿಗೆ ಗುರಿಯಾಗಿದ್ದ ಮೂವರನ್ನು 2014ರಲ್ಲಿ ನಿರಪರಾಧಿಗಳು ಅಂತ ಬಿಟ್ಟಿದ್ದೂ ಸುಪ್ರೀಂ ಕೋರ್ಟೇ.

ತಪ್ಪಾಗಿ ಜೈಲು ಸೇರಿದವರಿಗೆ ಪರಿಹಾರ ಕೊಡಲು ಒಂದು ಕಾನೂನು ಮಾಡಿ ಅಂತ 2018ರಲ್ಲಿ ಅದೇ ಆಯೋಗ ಹೇಳಿತ್ತು. ಆ ಕಾನೂನು ಇನ್ನೂ ಬಂದಿಲ್ಲ. ನಿಮ್ಮ ಶಾಸಕರು, ಸಂಸದರು ವೋಟು ಕೇಳಲು ಮನೆ ಬಾಗಿಲಿಗೆ ಬಂದಾಗ ಅದು ಎಲ್ಲಿಗೆ ಬಂತು ಅಂತ ಕೇಳಿ.

ನಮಸ್ಕಾರ.