ಮಗೂನೇ ಕೇಳಿ

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಆಕಾಶವಾಣಿಯವರು ಮಕ್ಕಳ ಸಾಹಿತ್ಯದ ಬಗ್ಗೆ ಮಾತಾಡಿ ಅಂತ ಕರೆದ್ರು, ಆದ್ರೆ ಹೋದ ವಾರ ಕುಶಾಲನಗರದ ಹತ್ತಿರ ವಿಶೇಷಚೇತನ ಮಕ್ಕಳ ಬೇಸಿಗೆ ಶಿಬಿರಕ್ಕೆ ಕಥೆ ಹೇಳೋಕೆ ಹೋಗಿ ಬಂದೆ, ಅವತ್ತಿಂದ ಬೇರೆ ಯಾವ ವಿಷಯಾನೂ ತಲೇಲಿ ನಿಲ್ತಿಲ್ಲ. ಅದನ್ನೇ ಹೇಳ್ತೀನಿ. ಈಗ ರೊಟ್ಟಿ ತಟ್ತಾ ರೇಡಿಯೋ ಹಾಕಿರೋ ಅಮ್ಮಂದಿರು, ಅಂಗನವಾಡಿ ಟೀಚರ್‌ಗಳು, ತೋಟದ ಲೈನ್ ಮನೇಲಿ ಮೊಬೈಲಲ್ಲಿ ಕೇಳ್ತಿರೋರು, ಎಲ್ಲರಿಗೂ ನಂದು ಒಂದೇ ಮಾತು. ಮಗೂಗೆ ಏನು ಬೇಕು, ಏನು ಗೊತ್ತು ಅಂತ ತಿಳ್ಕೋಬೇಕಾದ್ರೆ ಮಗೂನೇ ಕೇಳಿ.

ಈ ಮಾತು ನಂದಲ್ಲ, ಅಲ್ಲಿ ಒಬ್ಬಳು ಹುಡುಗಿ ಹೇಳಿದ್ದು. ಸಿದ್ದಾಪುರ ಕಡೆಯ ಎಸ್ಟೇಟ್ ಲೈನ್ ಮನೆಯವಳು, ಒಂಬತ್ತೋ ಹತ್ತೋ ವರ್ಷ ಇರಬಹುದು, ಹುಟ್ಟಿದಾಗಿಂದ ಕಣ್ಣು ಕಾಣಲ್ಲ. ನಾನು ಒಳಗೆ ಹೋದವಳೇ ಅವಳ ಅಮ್ಮನ್ನ ಕೇಳಿದೆ, ಇವಳ ಹೆಸರೇನು, ಎಷ್ಟನೇ ಕ್ಲಾಸು ಅಂತ. ಅಮ್ಮ ಬಾಯಿ ತೆಗೆಯೋದ್ರೊಳಗೆ ಅವಳೇ ಅಂದ್ಲು, "ನಂಗೆ ಕಿವಿ ಕೇಳುತ್ತೆ ಮೇಡಂ, ನನ್ನೇ ಕೇಳಿ."

ಸರಿ, ಕಥೆ ಶುರು ಮಾಡಿದೆ. ನಾನೇ ಬರೆದ ಕಥೆ, ಎಷ್ಟೋ ಶಾಲೆಗಳಲ್ಲಿ ಓದಿದ್ದೀನಿ. ಕಾಡಾನೆ ಕರೀ ಬೆಟ್ಟದ ಥರ ಧಡ್ ಧಡ್ ಅಂತ ಹೆಜ್ಜೆ ಹಾಕ್ಕೊಂಡು ತೋಟಕ್ಕೆ ಬಂತು ಅನ್ನೋ ಸಾಲಿಗೆ ಬಂದಾಗ ಈ ಹುಡುಗಿ ಕೈ ಎತ್ತಿದ್ಲು.

"ಮೇಡಂ, ನೀವು ಆನೆ ನೋಡಿದ್ದೀರಾ?"

"ಓ, ಬೇಕಾದಷ್ಟು ಸಲ."

"ನೋಡಿದ್ದೀರ. ಕೇಳಿಲ್ಲ."

ಆಮೇಲೆ ಅವಳು ಹೇಳ್ತಾ ಹೋದ್ಲು, ಆನೆ ಧಡ್ ಧಡ್ ಅಂತ ಬರಲ್ಲ, ಹೆಜ್ಜೆ ಸದ್ದೇ ಇರಲ್ಲ, ಮೊದಲು ನಾಯಿ ಬೊಗಳೋದು ನಿಲ್ಲಿಸುತ್ತೆ, ಆಮೇಲೆ ಎಲ್ಲೋ ಬೈನೆ ಮರ ಸೀಳೋ ಸದ್ದು, ಇನ್ನೂ ಹತ್ತಿರ ಬಂದ್ರೆ ಹಸೀ ವಾಸನೆ, ಮನೆ ಹಿಂದಿನ ಹಲಸಿನ ಮರದ ಹತ್ರ ಬಂದಾಗ ಅದರ ಹೊಟ್ಟೆ ಗುಡುಗುಡು ಅನ್ನೋದು ಗೋಡೆ ಆಚೆಯಿಂದ ಕೇಳುತ್ತೆ, ಆಗ ಅಪ್ಪ ಉಸಿರು ಬಿಗಿ ಹಿಡೀತಾರೆ, ಅದೂ ಕೇಳುತ್ತೆ. ಇಡೀ ಹಾಲ್ ಸುಮ್ಮನಾಗಿಬಿಟ್ಟಿತ್ತು. ಮೂವತ್ತು ವರ್ಷದಿಂದ ಕೊಡಗಿನಲ್ಲಿದ್ದೀನಿ, ಆನೆ ಬರೋದನ್ನ ಇಷ್ಟು ಚೆನ್ನಾಗಿ ಯಾರೂ ನಂಗೆ ಹೇಳಿರಲಿಲ್ಲ. ಮಾರನೇ ದಿನ ದುಬಾರೆ ಆನೆ ಶಿಬಿರಕ್ಕೆ ಹೋಗಿ ಒಬ್ಬ ಮಾವುತರನ್ನ ಕೇಳಿದೆ. ಹೌದು, ಆನೆ ಪಾದದೊಳಗೆ, ಹಿಮ್ಮಡಿ ಕಡೆ ಕೊಬ್ಬಿನ ಮೆತ್ತೆ ಇರುತ್ತೆ, ಅದಕ್ಕೇ ಅಷ್ಟು ಭಾರದ ಪ್ರಾಣಿ ಸದ್ದಿಲ್ಲದೆ ನಡೆಯುತ್ತೆ ಅಂದ್ರು.

ಅವತ್ತು ಶಿಬಿರದಲ್ಲಿ ಆ ಹುಡುಗಿ ಮಾತು ಮುಗಿಸೋ ಅಷ್ಟರಲ್ಲಿ ವೀಲ್‌ಚೇರಲ್ಲಿದ್ದ ಒಬ್ಬ ಹುಡುಗ ಏನೋ ಹೇಳೋಕೆ ಶುರು ಮಾಡಿದ. ಸೆರೆಬ್ರಲ್ ಪಾಲ್ಸಿ, ಅಂದ್ರೆ ಮೆದುಳಿನ ತೊಂದರೆಯಿಂದ ಕೈಕಾಲು, ಬಾಯಿ ಸುಲಭಕ್ಕೆ ಹಿಡಿತಕ್ಕೆ ಬರದ ಮಗು, ಒಂದೊಂದು ಪದಕ್ಕೂ ಹೊತ್ತು ಬೇಕು. ಪಕ್ಕದಲ್ಲಿದ್ದವರು ಒಬ್ರು ಅವಸರಕ್ಕೆ, "ಆನೆ ಅಂದ್ರೆ ಹೆದರಿಕೆ ಅಂತಿದ್ದಾನೆ" ಅಂದುಬಿಟ್ರು. ಅವನು ಜೋರಾಗಿ ತಲೆ ಅಲ್ಲಾಡಿಸಿದ. ಕಾದ್ವಿ. ಪೂರ್ತಿ ಒಂದು ನಿಮಿಷ ಆಯ್ತು ಅನ್ಸುತ್ತೆ. ಅವನು ಹೇಳಿದ್ದು, ಆನೆ ಲದ್ದೀಲಿ ಕಾಫಿ ಬೀಜ ಇರುತ್ತೆ ಅಂತ! ನಿಜ ತಾನೇ, ತೋಟದಲ್ಲಿ ಹಣ್ಣು ತಿಂದ ಆನೆ ಲದ್ದೀಲಿ ನಾವೆಲ್ಲಾ ನೋಡಿದ್ದೀವಿ. ಹೆದರಿಕೆ ಅವನದಲ್ಲ, ನಾವು ಅವನ ಬಾಯಿಗೆ ತುರುಕಿದ್ದು. ದಯವಿಟ್ಟು ಇದೊಂದು ಮಾಡ್ಬೇಡಿ, ಮಗೂನೇ ಕೇಳಿ, ಕೇಳಿದ ಮೇಲೆ ಉತ್ತರ ಬರೋವರೆಗೂ ಕಾಯಿರಿ.

ಆ ಹುಡುಗಿ ಕಥೇನ ಬ್ರೈಲ್‌ನಲ್ಲಿ, ಅಂದ್ರೆ ಉಬ್ಬಿದ ಚುಕ್ಕಿ ಮುಟ್ಟಿ ಓದೋ ಲಿಪೀಲಿ, ಬರ್ಕೊಂಡ್ಲು. ಬ್ರೈಲ್ ಸ್ಲೇಟಲ್ಲಿ ಬಲಗಡೆಯಿಂದ ಎಡಕ್ಕೆ ಚುಚ್ಚಬೇಕು, ಕಾಗದ ತಿರುಗಿಸಿದ್ರೆ ಎಡದಿಂದ ಬಲಕ್ಕೆ ಓದಬಹುದು. ಆರೇ ಆರು ಚುಕ್ಕಿ, ಲೂಯಿ ಬ್ರೈಲ್ 1824ರಲ್ಲಿ ಇದನ್ನ ರೂಪಿಸಿದಾಗ ಅವನಿಗೆ ಹದಿನೈದು ವರ್ಷ. ನಮ್ಮ ದೇಶದ ಭಾಷೆಗಳಿಗೆ 1951ರಲ್ಲಿ ಭಾರತಿ ಬ್ರೈಲ್ ಅಂತ ಒಂದೇ ಪದ್ಧತಿ ಬಂತು, ಕನ್ನಡದ ಕ, ಹಿಂದಿಯ ಕ, ತಮಿಳಿನ ಕ ಮೂರಕ್ಕೂ ಅದೇ ಚುಕ್ಕಿ. 'ಕಿ' ಬರೀಬೇಕಾದ್ರೆ ಮೊದಲು ಕ, ಪಕ್ಕದಲ್ಲಿ ಇ, ಅಷ್ಟೇ. ಇಷ್ಟು ಸುಲಭ ಇದ್ದೂ ನನ್ನ ಒಂದು ಪುಸ್ತಕಾನೂ ಬ್ರೈಲ್‌ನಲ್ಲಿಲ್ಲ, ಇದು ನಂಗೆ ತುಂಬಾ ಬೇಜಾರಾಯ್ತು.

ಟೈಮ್ ಆಗ್ತಾ ಬಂತು ಅಂತ ಕೈ ತೋರಿಸ್ತಿದ್ದಾರೆ, ಉಳಿದಿದ್ದು ಬೇಗ ಹೇಳ್ತೀನಿ. ಕಿವಿ ಕೇಳದ ಮಗು ಜೊತೆ ಮಾತಾಡುವಾಗ ಕಿಟಕಿಗೆ ಬೆನ್ನು ಹಾಕಿ ನಿಲ್ಬೇಡಿ, ನಿಮ್ಮ ತುಟಿ ಕಾಣೋ ಹಾಗೆ ಬೆಳಕು ನಿಮ್ಮ ಮುಖದ ಮೇಲೆ ಬೀಳಬೇಕು. ಅಂಗವೈಕಲ್ಯ ಇರೋರ ಹಕ್ಕಿನ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, 2016ರ ಕಾಯ್ದೆಯಲ್ಲಿ 21 ಇದೆ, ಅಂಗವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಇರೋ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು, ಯಾರೂ ದಯೆ ತೋರಿಸಿ ಕೊಡೋದಲ್ಲ. ಯುಡಿಐಡಿ ಕಾರ್ಡ್, ಅಂದ್ರೆ ಅಂಗವೈಕಲ್ಯ ಇರೋರಿಗೆ ಸರ್ಕಾರ ಕೊಡೋ ಗುರುತಿನ ಕಾರ್ಡ್, ಇನ್ನೂ ಮಾಡಿಸಿಲ್ಲ ಅಂದ್ರೆ ಮಾಡಿಸಿ. ಮತ್ತೆ ಶಿಬಿರಕ್ಕೆ ಬಿಸ್ಕೆಟ್ ಹಂಚಿ, ಅಯ್ಯೋ ಪಾಪ ಅಂತ ಫೋಟೋ ತೆಗೆಸ್ಕೊಂಡು ಹೋಗೋರಿಗೆ ಕೈ ಮುಗಿದು ಹೇಳ್ತೀನಿ, ಅರ್ಧ ಗಂಟೆ ಕೂತ್ಕೊಳ್ಳಿ, ಮಗೂನೇ ಕೇಳಿ.

ಧಡ್ ಧಡ್ ಅನ್ನೋ ಸಾಲು ಹೊಡೆದು ಹಾಕಿದ್ದೀನಿ. ನಾಯಿ ಬೊಗಳೋದು ನಿಲ್ಸಿದ ಜಾಗದಿಂದ ಕಥೆ ಮತ್ತೆ ಬರೆದಿದ್ದೀನಿ. ಶಿಬಿರ ಇನ್ನೂ ಎರಡು ದಿನ ಇದೆ, ನಾಳೆ ಬೆಳಿಗ್ಗೆ ಹೋಗಿ ಓದ್ತೀನಿ, ಗುಡುಗುಡು ಬರುವಾಗ ಮಾತ್ರ ಅವಳೇ ಹೇಳಬೇಕು ಅಂತ ಒಪ್ಪಂದ ಆಗಿದೆ. ನಮಸ್ಕಾರ.